ಹಾಗೇ ಇದ್ದಾಳೆ

ವೃದ್ಧರ ಆರೈಕೆ ಕೇಂದ್ರದ ಗೇಟಿನ ಕಾವಲುಗಾರ ಎರಡು ಬಿಲ್ಲೆಗಳನ್ನು ಮುಂದೆ ಹಿಡಿದು, “ಯಾವ್ದು ಕೊಡ್ಲಿ ಸಾರ್? ನೀಲಿ ಸಂಬಂಧಿಕರಿಗೆ, ಹಳದಿ ಕೆಲಸದವ್ರಿಗೆ” ಎಂದು ಕೇಳಿದ. ಇಂಥ ಸುಲಭದ ಪ್ರಶ್ನೆಗೂ ತಡವರಿಸಬೇಕಾಗಿ ಬಂತಲ್ಲ ಎಂದು ಬಂದವನಿಗೆ ತನ್ನ ಮೇಲೇ ಸಿಟ್ಟು ಬಂತು. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಕೈಯಲ್ಲಿ ತಂತಿಗಳ ಡಬ್ಬಿ, ಕೊರಳಲ್ಲಿ ಕಂಪನಿಯ ಗುರುತಿನ ಪಟ್ಟಿ. ಇಷ್ಟೆಲ್ಲ ಹೊತ್ತುಕೊಂಡವನು ಇನ್ನೇನಾಗಲು ಸಾಧ್ಯ? “ಕೆಲಸಕ್ಕೆ ಬಂದಿದೀನಪ್ಪ” ಎಂದು ಹಳದಿಯನ್ನೇ ಇಸಿದುಕೊಂಡು ಅಂಗಿಗೆ ಸಿಕ್ಕಿಸಿಕೊಂಡ. ಅದರ ಪಿನ್ನು ಬೆರಳಿಗೆ ಚುಚ್ಚಿತು. ಚುಚ್ಚಲಿ ಅಂದುಕೊಂಡ. ಮೊದಲು ಕೆಲಸ, ಆಮೇಲೆ ಹೊರಗೆ ಬಂದು ಬಿಲ್ಲೆ ಬದಲಾಯಿಸಿಕೊಂಡು ಅಕ್ಕನನ್ನು ನೋಡಿದರಾಯಿತು, ಅದರಲ್ಲೇನಿದೆ. ಬೆಳಿಗ್ಗೆ ಹೆಂಡತಿಯೂ ಅದನ್ನೇ ಹೇಳಿದ್ದಳು. “ಹೇಗೂ ಅಲ್ಲಿಗೇ ಹೋಗ್ತಿದೀರಲ್ಲ, ಅಕ್ಕನ್ನ ನೋಡ್ಕೊಂಡು ಬನ್ನಿ.” “ನೋಡ್ದೇ ಬರ್ತೀನಾ? ಅದನ್ನೂ ನೀನು ಹೇಳ್ಕೊಡ್ಬೇಕಾ?” ಎಂದು ಅವಳ ಮೇಲೆ ಹರಿಹಾಯ್ದಿದ್ದ. ಅಷ್ಟು ಜೋರಾಗಿ ಹರಿಹಾಯ್ದಾಗಲೇ ತಾನು ನೋಡದೆ ಬರುತ್ತೇನೆಂಬುದು ಅವನಿಗೆ ಗೊತ್ತಾಗಿತ್ತು. ಅವಳಿಗೂ ಗೊತ್ತಾಗಿರಬೇಕು, ಊಟದ ಡಬ್ಬಿಯ ಮುಚ್ಚಳ ಒತ್ತಿ ಕೊಟ್ಟಿದ್ದಳು.

ಒಳಗೆ ಫಿನಾಯಿಲಿನ ವಾಸನೆ, ಆಗಷ್ಟೇ ಒರೆಸಿದ ನೆಲ, ಎರಡೂ ಕಡೆ ಒಂದೇ ಬಣ್ಣದ ಬಾಗಿಲುಗಳು. ಅಕ್ಕನ ಕೋಣೆ ಮೇಲಿನ ಮಹಡಿಯಲ್ಲಿ, ಮೆಟ್ಟಿಲು ಹತ್ತಿದರೆ ಎಡಕ್ಕೆ. ತನ್ನ ಕೆಲಸ ಕೆಳಗೆ, ಮೇಟ್ರನ್ನರ ಮೇಜಿನ ಮುಂದೆ. ಕೆಳಗೇ ಕೂತು ಕೆಳಗೇ ಮುಗಿಸಿ ಹೊರಟರೆ ಒಬ್ಬರ ಕಣ್ಣಿಗೆ ಒಬ್ಬರು ಬೀಳುವ ಪ್ರಸಂಗವೇ ಇಲ್ಲ. ಈ ಲೆಕ್ಕಾಚಾರವನ್ನು ಅವನು ಬಸ್ಸಿನಲ್ಲೇ ಮಾಡಿ ಮುಗಿಸಿದ್ದ. ಸಾಲದ್ದಕ್ಕೆ, ಸಾಕಿದವಳಿಂದ ತಪ್ಪಿಸಿಕೊಳ್ಳಲು ಕಟ್ಟಡದ ನಕ್ಷೆ ಹಾಕುತ್ತಿದ್ದೀಯಲ್ಲೋ ಎಂದು ತನ್ನನ್ನು ತಾನೇ ಬೈದುಕೊಂಡೂ ಆಗಿತ್ತು. ಬೈದುಕೊಂಡರೆ ಏನೋ ಮಾಡಿದಷ್ಟೇ ಸಮಾಧಾನ. ಇಷ್ಟು ದಿನವೂ ಅದೇ ಸಮಾಧಾನದಲ್ಲಿ ಕಳೆದಿದ್ದಾನೆ.

“ಅಂತೂ ಬಂದ್ರಾ!” ಎಂದರು ಮೇಟ್ರನ್. ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು. “ಈ ದರಿದ್ರದ ಪರದೆ ಒಂಚೂರು ನೋಡಿ. ಕೋಣೇಲಿ ಅವ್ರು ಗುಂಡಿ ಒತ್ತಿ, ಇಲ್ಲಿ ದೀಪ ಹತ್ತೋ ಅಷ್ಟರಲ್ಲಿ ಒತ್ತಿದವ್ರು ಗೊರಕೆ ಹೊಡೀತಿರ್ತಾರೆ. ನಾವು ಓಡಿ ಹೋಗಿ ಎಬ್ಸಿ, ಯಾಕಮ್ಮ ಕರೆದ್ರಿ ಅಂತ ಕೇಳ್ಬೇಕು.”

“ಹಳೇ ಬ್ರೌಸರ್ ಮೇಡಂ.”

“ಹಳೇದು ಅಂತ ನಂಗೂ ಗೊತ್ತು. ಇಲ್ಲಿರೋದೆಲ್ಲ ಹಳೇದೇ. ನಿಮ್ಮ ಆಫೀಸಿನೋರು ಹೊಸ ಕಂಪ್ಯೂಟರ್ ತಗೊಳ್ಳಿ ಅಂತಾರೆ. ತಗೊಂಡ್ರೆ ಆ ಬೆಲ್ಲಿನ ಪೆಟ್ಟಿಗೆ ಅದರ ಜೊತೆ ಮಾತೇ ಆಡಲ್ವಂತೆ. ಆ ಬೆಲ್ಲು ಮಾಡಿದ ಕಂಪನಿ ಮುಚ್ಚಿ ಯಾವ ಕಾಲ ಆಯ್ತೋ. ನಾನೇನು ಅವ್ರನ್ನ ಹುಡುಕ್ಕೊಂಡು ಹೋಗ್ಲಾ?”

ಅವನು ನಕ್ಕು ಕುರ್ಚಿ ಎಳೆದುಕೊಂಡ. ಇಂಥ ಕೆಲಸಗಳಿಗೆ ಆಫೀಸಿನಲ್ಲಿ ಅವನೊಬ್ಬನೇ ಉಳಿದಿದ್ದ. ಅವನಿಗೆ ‘ಪಳೆಯುಳಿಕೆ’ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು, ಅವನೂ ಹಲ್ಲುಕಿರಿದು ಓಗೊಡುತ್ತಿದ್ದ. ಹೊಸಬರು ಹಳೆಯ ಬ್ರೌಸರಿನ ಹೆಸರು ಕೇಳಿದರೆ ಮೂಗು ಮುರಿಯುತ್ತಾರೆ. ಅವನಿಗೆ ಅದರ ಒಂದೊಂದು ಚಾಳಿಯೂ ಗೊತ್ತು, ಜೊತೆಯಲ್ಲಿ ಮುದುಕರಾದವರ ಚಾಳಿ ಗೊತ್ತಿರುವ ಹಾಗೆ. ಪರದೆಯ ಮೇಲಿನ ಈ ಪುಟ ಮಾಡುವ ಕೆಲಸ ಇಷ್ಟೇ: ಒಂದೊಂದು ಕೋಣೆಯ ಹೆಸರು ಹೇಳಿ ಬೆಲ್ಲಿನ ಪೆಟ್ಟಿಗೆಯೊಳಗಿನ ಸರ್ವರನ್ನು ‘ಕರೆ ಇದೆಯಾ?’ ಎಂದು ಕೇಳುವುದು. ಉತ್ತರಕ್ಕೆ ಕಾಯುತ್ತ ನಿಲ್ಲದೆ ಮುಂದಿನ ಕೋಣೆಯದನ್ನು ಕೇಳುವುದು, ‘ಇದೆ’ ಎಂಬ ಉತ್ತರ ಬಂದ ಕೋಣೆಯ ಹೆಸರಿನ ಮುಂದೆ ಕೆಂಪು ದೀಪ ಹಚ್ಚಿ ಟಿಂಗ್ ಎನಿಸುವುದು. ಆದರೆ ಈ ಮುದಿ ಬ್ರೌಸರು ಒಂದು ಸರ್ವರಿಗೆ ಒಂದು ಹೊತ್ತಿಗೆ ಎರಡೇ ಪ್ರಶ್ನೆಗಳನ್ನು ಹೊರಗೆ ಬಿಡುತ್ತದೆ. ಆ ಎರಡರಲ್ಲಿ ಒಂದಕ್ಕೆ ಉತ್ತರ ಬರುವ ತನಕ ಮೂರನೆಯದು ಒಳಗೇ ನಿಲ್ಲಬೇಕು, ಅದರ ಹಿಂದೆ ಉಳಿದ ಕೋಣೆಗಳೆಲ್ಲ ಸಾಲಾಗಿ ನಿಲ್ಲಬೇಕು. ಮುಂದೆ ನಿಂತವನು ಹೊತ್ತು ತೆಗೆದುಕೊಂಡರೆ ಹಿಂದಿನವರ ಗತಿ ಮುಗಿಯಿತು.

ಯಾವನು ಮುಂದೆ ನಿಂತು ಹೊತ್ತು ತೆಗೆದುಕೊಳ್ಳುತ್ತಿದ್ದಾನೆ ಎಂದು ನೋಡಲು, ಪ್ರಶ್ನೆಗಳ ಓಡಾಟವನ್ನು ಬಣ್ಣದ ಪಟ್ಟಿಗಳಾಗಿ ತೋರಿಸುವ ಕಿಟಕಿಯನ್ನು ತೆರೆದಿಟ್ಟು ಕಾದ. ಸಣ್ಣ ಸಣ್ಣ ಪಟ್ಟಿಗಳು ಮೂಡಿ ಮಾಯವಾದವು. ಕಾಯುವುದು ಅವನಿಗೆ ಅಭ್ಯಾಸವಾದದ್ದೇ, ಆದರೆ ಇಲ್ಲಿ ಕಾಯುವುದು ಬೇರೆ. ಪಡಸಾಲೆಯ ತುದಿಯಲ್ಲಿ ಮೆಟ್ಟಿಲಿನ ಕಟಕಟೆ ಕಾಣುತ್ತಿತ್ತು. ಹೋದ ಸಲ ಆ ಮೆಟ್ಟಿಲಿನಲ್ಲಿ ಎಷ್ಟು ಬೇಗ ಇಳಿದಿದ್ದ! ಅಕ್ಕನಿಗೆ ಮಾತು ಹೋಗಿತ್ತು, ಬಲಗೈ ಸತ್ತ ಹಾಗೆ ಬಿದ್ದಿರುತ್ತಿತ್ತು, ಆದರೆ ಎಡಗೈಯಲ್ಲಿ ಎಲ್ಲಿಲ್ಲದ ಬಲ. ಬರ್ತೀನಕ್ಕ ಎಂದು ಅವನು ಎದ್ದಾಗ ಆ ಕೈ ಅವನ ಅಂಗಿಯ ಅಂಚನ್ನು ಹಿಡಿದುಕೊಂಡಿತು. ಮೊದಲು ನಕ್ಕ. ಆಮೇಲೆ, ಬಿಡಕ್ಕ, ಬಸ್ಸು ಹೋಗುತ್ತೆ ಎಂದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಬಾಯಿಂದ ಏನೋ ಸದ್ದು ಬರುತ್ತಿತ್ತು, ಪಕ್ಕದ ಹಾಸಿಗೆಯ ಮುದುಕಿ ತಲೆಯೆತ್ತಿ ನೋಡುತ್ತಿದ್ದಳು. ಅವನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕಿರುಬೆರಳು, ಉಂಗುರದ್ದು, ಮಧ್ಯದ್ದು, ತೋರುಬೆರಳು. ಹೆಬ್ಬೆರಳು ಮಾತ್ರ ಬಿಡದೆ ಹಟ ಮಾಡಿತು. “ನಾಳೆ ಬರ್ತೀನಿ” ಎಂದ. ವರ್ಷಗಳು ಕಳೆದರೂ ಆ ನಾಳೆ ಇವತ್ತಿನವರೆಗೂ ಬರಲಿಲ್ಲ. ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡಿ ಕೇಳುತ್ತಿದ್ದ. “ಹಾಗೇ ಇದ್ದಾರೆ” ಎನ್ನುತ್ತಿದ್ದರು. ಉತ್ತರ ಅದೇ ಎಂದ ಮೇಲೆ ಕೇಳುವುದೇಕೆ ಎಂದು ಬಿಟ್ಟುಬಿಟ್ಟ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಸಿಕ್ಕ ನೆಂಟರು, “ಅಕ್ಕ ಹೇಗಿದ್ದಾಳೋ?” ಎಂದರೆ, “ಹಾಗೇ ಇದ್ದಾಳೆ” ಎಂದು ಅವನೇ ಹೇಳತೊಡಗಿದ. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ಟಿಂಗ್ ಎಂದಿತು. ಹದಿನೇಳನೆಯ ಕೋಣೆ, ಇದೇ ಪಡಸಾಲೆಯದು. ಕಿಟಕಿಯಲ್ಲಿ ಎರಡು ಪಟ್ಟಿಗಳು ಮೂಡಿ, ಬೆಳೆದು, ಬೆಳೆಯುತ್ತಲೇ ಹೋದವು. ಅವುಗಳ ಹಿಂದೆ ಉಳಿದ ಕೋಣೆಗಳ ಪ್ರಶ್ನೆಗಳೆಲ್ಲ ನಿಂತವು. “ಸಿಕ್ಕ ಕಳ್ಳ” ಎಂದ, ತನಗೇ ಕೇಳಿಸುವಷ್ಟು ಮೆಲ್ಲಗೆ. ಒಂದು ಕೋಣೆಯಿಂದ ಕರೆ ಬಂದರೆ ಈ ಪುಟ ಆ ರೋಗಿಯ ಫೋಟೋವನ್ನೂ, ಅವರು ಇದುವರೆಗೆ ಮಾಡಿದ ಎಲ್ಲ ಕರೆಗಳ ಪಟ್ಟಿಯನ್ನೂ ಪ್ರತಿ ಸಲವೂ ಹೊಸದಾಗಿ ತರಿಸಿಕೊಳ್ಳುತ್ತಿತ್ತು. ಉಳಿದವರ ಪಟ್ಟಿ ನಾಲ್ಕಾರು ಸಾಲು. ಹದಿನೇಳನೆಯ ಕೋಣೆಯದು ಮುಗಿಯುವ ಲಕ್ಷಣವೇ ಇರಲಿಲ್ಲ. ಯಾರಪ್ಪ ಇದು, ಬೇರೆ ಕಸುಬಿಲ್ಲದೆ ದಿನವಿಡೀ ಗುಂಡಿ ಒತ್ತುವ ಮಹಾನುಭಾವರು, ಎಂದು ಪರದೆಯ ಕಡೆ ನೋಡಿದ. ಫೋಟೋ ಮೇಲಿನಿಂದ ಕೆಳಕ್ಕೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಮೊದಲು ಹಿಂದಿನ ಗೋಡೆ. ಆಮೇಲೆ ಕತ್ತರಿಸಿದ ಬಿಳಿ ಕೂದಲು. ಅಷ್ಟಕ್ಕೇ ನಿಂತಿತು, ಸ್ವಲ್ಪ ತಡೆದು ಮತ್ತೆ ಇಳಿಯಿತು. ಹಣೆ. ಹಣೆಯ ಎಡಗಡೆ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಕಲೆ. ಅವನು ಮೌಸಿನಿಂದ ಕೈ ತೆಗೆದ. ಆ ಕಲೆಯನ್ನು ಮಾಡಿದವನು ಅವನೇ. ಚಿಕ್ಕವನಿದ್ದಾಗ ಎಸೆದ ಚಮಚ. ಕಣ್ಣು ಬರುವ ತನಕ ಕಾಯಬೇಕಿರಲಿಲ್ಲ, ಆದರೂ ಕಾದ. ಕಣ್ಣು ಬಂತು, ಮೂಗು ಬಂತು, ಒಂದು ಕಡೆ ಜೋಲಿದ ಬಾಯಿ ಬಂತು. ಅಕ್ಕ ಕೆಳಗಿನ ಮಹಡಿಗೆ ಬಂದಿದ್ದಳು. ಯಾವಾಗ ಬಂದಳು? ಯಾರೂ ಅವನಿಗೆ ಹೇಳಿರಲಿಲ್ಲ. ಹೇಳುವುದಕ್ಕೆ ಅವನು ಕೇಳಿರಲಿಲ್ಲ. ಅವಳ ಕೂದಲನ್ನು ಇಷ್ಟು ಗಿಡ್ಡ ಕತ್ತರಿಸಿದ್ದಾರೆಂಬುದನ್ನು ಅವನು ಕಂಡದ್ದು ಒಂದು ರಿಪೇರಿಯ ನಡುವೆ, ಹಳದಿ ಬಿಲ್ಲೆ ಸಿಕ್ಕಿಸಿಕೊಂಡು.

“ನೋಡಿದ್ರಾ? ಅದೇ ಹದಿನೇಳು” ಎಂದರು ಮೇಟ್ರನ್ ಅವನ ಹೆಗಲ ಮೇಲಿಂದ ಬಗ್ಗಿ. “ಬೆಳಗಾದ್ರೆ ಶುರು. ಹೋದ್ರೆ ನೀರು ಬೇಡ, ಊಟ ಬೇಡ, ಏನೂ ಬೇಡ. ಬಾಗಿಲ ಕಡೆ ನೋಡ್ತಾ ಕೂತಿರ್ತಾರೆ. ನಮ್ಮ ಆಯಾಗಳ ಕಾಲು ಬಿದ್ದೋಗಿದೆ. ನಿಮಗೆ ಆಗೋದಾದ್ರೆ ಆ ಕೋಣೆ ಗುಂಡೀನ ಇಲ್ಲಿಂದ ತೆಗೆದುಹಾಕಿಬಿಡಿ. ಹೊತ್ತು ಹೊತ್ತಿಗೆ ನಾವೇ ಹೋಗಿ ನೋಡ್ತೀವಿ. ಅವ್ರ ಪಾಡಿಗೆ ಅವ್ರು ಒತ್ಕೊಂಡಿರ್ಲಿ.”

ಈಗ ಹೇಳಬೇಕು ಅಂದುಕೊಂಡ. ಮೇಡಂ, ಅದು ನಮ್ಮಕ್ಕ. ಹೇಳಲು ಏನು ಕಷ್ಟ? ಬಾಯಿ ತೆರೆದ. ಹೇಳಿದರೆ ಮೇಟ್ರನ್ ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಕೆಳಗೆ ನೋಡುತ್ತಾರೆ; ಓ, ನೀವೇನಾ ಎನ್ನುತ್ತಾರೆ; ಇಷ್ಟು ದಿನ ಎಲ್ಲಿದ್ರಿ ಎಂದು ಕೇಳದೆಯೇ ಕೇಳುತ್ತಾರೆ. “ಇವ್ರ ಕಡೆಯೋರು ಯಾರೂ ಬರಲ್ವಾ?” ಎಂಬ ಮಾತು ಅವನ ಬಾಯಿಂದ ಹೊರಬಿತ್ತು. ಅಯ್ಯೋ, ಇದೇನು ಕೇಳಿದೆ ಎಂದುಕೊಂಡ. “ಯಾರೋ ತಮ್ಮ ಇದ್ದಾನಂತೆ” ಎಂದರು ಮೇಟ್ರನ್, ಸಿಟ್ಟೂ ಇಲ್ಲದೆ, ಬೇಸರವೂ ಇಲ್ಲದೆ. ಮಳೆ ಬರಬಹುದಂತೆ ಎನ್ನುವ ಹಾಗೆ. ಅವರು ಬೈದಿದ್ದರೆ ಚೆನ್ನಾಗಿತ್ತು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಆದರೆ ನೆಲ ಈಗಷ್ಟೇ ಒರೆಸಿಕೊಂಡು ತಣ್ಣಗಿತ್ತು. “ಗುಂಡಿ ತೆಗೆಯೋದು ಬೇಡ ಮೇಡಂ” ಎಂದ. “ಬೇರೆ ದಾರಿ ಇದೆ. ಅವ್ರೂ ಒತ್ಲಿ, ನಿಮ್ಗೂ ತೊಂದ್ರೆ ಆಗ್ಬಾರ್ದು, ಹಾಗೆ ಮಾಡ್ತೀನಿ.” ಹೀಗೆ ಹೇಳಿದ ಮೇಲೆ, ಅಕ್ಕನಿಗಾಗಿ ಏನೋ ದೊಡ್ಡದು ಮಾಡಿದವನಂತೆ ಒಂದು ಗಳಿಗೆ ಹಗುರವಾದ. ಆ ಹಗುರ ಅವನಿಗೇ ಅಸಹ್ಯ ತಂದಿತು.

ಚಿಕ್ಕಂದಿನಲ್ಲಿ ಕಾಲು ಮುರಿದು ಪಟ್ಟಿ ಹಾಕಿಸಿಕೊಂಡು ಅವನು ಮಲಗಿದ್ದಾಗ ಅಕ್ಕ ಒಂದು ಸ್ಟೀಲು ತಟ್ಟೆಯನ್ನೂ ಚಮಚವನ್ನೂ ಹಾಸಿಗೆಯ ಪಕ್ಕ ಇಟ್ಟು, “ಏನಾದ್ರೂ ಬೇಕಾದ್ರೆ ಬಡಿಯೋ ಮೊದ್ದು, ಬರ್ತೀನಿ” ಎಂದಿದ್ದಳು. ಬೇಕಾದದ್ದಕ್ಕೆ ಬಡಿದದ್ದು ಎಷ್ಟು ಸಲ! ಮಿಕ್ಕಿದ್ದೆಲ್ಲ ಸುಮ್ಮನೆ. ಹಿತ್ತಿಲಿನಿಂದ, ಒಲೆಯ ಮುಂದಿನಿಂದ, ಬಟ್ಟೆ ಒಗೆಯುವ ಕಲ್ಲಿನಿಂದ “ಬಂದೆ, ಬಂದೆ” ಎಂದು ಕೂಗುತ್ತ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. “ಕರೆದ್ಯಾ?” “ಏನಿಲ್ಲ.” “ಏನಿಲ್ವಾ? ಸರಿ.” ಹೋಗುತ್ತಿದ್ದಳು. ಅವಳು ಒಲೆಯನ್ನು ಮುಟ್ಟುವಷ್ಟರಲ್ಲಿ ಮತ್ತೆ ಬಡಿಯುತ್ತಿದ್ದ. ಬೇಕೆಂದಿದ್ದು ಅದೇ, ಅವಳು ಬಾಗಿಲಲ್ಲಿ ಕಾಣಿಸಿಕೊಳ್ಳುವ ಗಳಿಗೆ. ಬಂದು ಪಕ್ಕದಲ್ಲಿ ಕೂತರೆ ಅದಕ್ಕೆ ಆ ರುಚಿ ಇರಲಿಲ್ಲ. ಒಂದು ದಿನ ಬರುವುದು ತಡವಾಯಿತೆಂದು ಚಮಚ ಎಸೆದ. ಹಣೆಯಿಂದ ರಕ್ತ ಒರೆಸಿಕೊಳ್ಳುತ್ತ ಅವಳು ಮೊದಲು ಮಾಡಿದ ಕೆಲಸ ಚಮಚವನ್ನು ಎತ್ತಿ ಅವನ ಕೈಗೆ ವಾಪಸು ಕೊಟ್ಟದ್ದು. “ಏನಿಲ್ದಿದ್ರೂ ಕರಿ, ಆದ್ರೆ ಎಸೀಬೇಡ್ವೋ” ಎಂದಿದ್ದಳು. ಅವಳಿಗೆ ಆಗ ಇನ್ನೂ ಮದುವೆಯ ವಯಸ್ಸು. ನೋಡಲು ಬಂದವರಿಗೆ ಹಣೆಯ ಗಾಯ ಕಾಣುತ್ತಿತ್ತು, ಅವಳ ಬೆನ್ನಿಗಂಟಿದ ತಮ್ಮನೂ ಕಾಣುತ್ತಿದ್ದ. ಮದುವೆಯಾಗಲಿಲ್ಲ. ಯಾಕೆ ಎಂದು ಅವನೂ ಕೇಳಲಿಲ್ಲ.

ಕೆಲಸ ಮುಗಿಸಿ ಓಡಿಹೋಗಬೇಕು ಎಂಬುದೊಂದೇ ಈಗ ತಲೆಯಲ್ಲಿದ್ದದ್ದು. ಹಳೆಯ ಬ್ರೌಸರಿಗೆ ಇನ್ನೊಂದು ಚಾಳಿಯಿದೆ: ಕೇಳಿದ್ದನ್ನೇ ಮತ್ತೆ ಕೇಳಿದರೆ ಅದು ಸರ್ವರಿನ ತನಕ ಹೋಗುವ ಗೋಜಿಗೇ ಹೋಗದೆ, ಹಿಂದೆ ಬಂದಿದ್ದ ಉತ್ತರವನ್ನೇ ನೆನಪಿನಿಂದ ತೆಗೆದು ಕೊಟ್ಟುಬಿಡುತ್ತದೆ. ಈ ಪುಟ ಬರೆದವನು ಅದನ್ನು ತಪ್ಪಿಸಲು ಪ್ರತಿಯೊಂದು ಪ್ರಶ್ನೆಯ ಬಾಲಕ್ಕೂ ಆ ಗಳಿಗೆಯ ಸಮಯವನ್ನು ಅಂಟಿಸಿದ್ದ. ಬಾಲ ಬೇರೆಯಾದ್ದರಿಂದ ಬ್ರೌಸರಿಗೆ ಪ್ರತಿ ಪ್ರಶ್ನೆಯೂ ಹೊಸದು. ಹಾಗಾಗಿ ಫೋಟೋ ಕೂಡ ಪ್ರತಿ ಸಲ ಹೊಸದಾಗಿಯೇ ಬರಬೇಕು. ಫೋಟೋ ಏನು ಗಳಿಗೆಗೊಮ್ಮೆ ಬದಲಾಗುತ್ತದೆಯೇ? ಎಲ್ಲ ಪ್ರಶ್ನೆಗಳೂ ಹಾದುಹೋಗುವ ಜಾಗ ಒಂದೇ ಇತ್ತು. ಅಲ್ಲಿ ಕೈಹಾಕಿ ಬಾಲವನ್ನು ಕತ್ತರಿಸಿ, ಪುಟವನ್ನು ಮತ್ತೆ ತೆರೆದ. ಆಹಾ! ಕೋಣೆಗಳೆಲ್ಲ ಪಟಪಟನೆ ಹಸಿರಾದವು. ಹಿಂದೆ ನಿಂತವರಿಲ್ಲ, ಬೆಳೆಯುವ ಪಟ್ಟಿಯಿಲ್ಲ. ಮೇಟ್ರನ್ ಚಪ್ಪಾಳೆಯನ್ನೇ ತಟ್ಟಿದರು. ಚಹಾ ತರಿಸಿದರು. “ಇಷ್ಟು ದಿನ ಎಲ್ಲಿದ್ರಿ ನೀವು? ನೋಡಿ, ಹದಿನೇಳೂ ತೆಪ್ಪಗಾಗಿದಾರೆ. ಅವ್ರಿಗೂ ನಿಮ್ಮನ್ನ ಕಂಡ್ರೆ ಭಯ ಅಂತ ಕಾಣುತ್ತೆ!” ಅವನು ನಕ್ಕ, ಚಹಾದಿಂದ ನಾಲಿಗೆ ಸುಟ್ಟುಕೊಂಡ, ತಂತಿಗಳನ್ನು ಡಬ್ಬಿಗೆ ತುಂಬಿದ. ಹೊಗಳಿಕೆ ಕೇಳಿ ಎಷ್ಟು ದಿನವಾಗಿತ್ತೋ. ಪಳೆಯುಳಿಕೆಗೂ ಒಂದು ಕಾಲ ಬರುತ್ತದೆ ಎಂದು ಆಫೀಸಿನಲ್ಲಿ ಹೇಳಬೇಕು ಅಂದುಕೊಂಡ. ಹದಿನೇಳನೆಯ ಕೋಣೆಯ ಮುಂದೆಯೇ ದಾರಿ. ಅದರ ಮುಚ್ಚಿದ ಬಾಗಿಲಿನ ಎದುರಿಗೆ ಬಂದಾಗ, ನೆಲದ ಮೇಲೆ ಏನೋ ಬಿದ್ದಿರುವವನಂತೆ ತಲೆ ತಗ್ಗಿಸಿ ದಾಟಿದ.

ಗೇಟಿನ ಹತ್ತಿರ ಬಂದಾಗ ಹೆಂಡತಿಯ ಫೋನು. “ಕೆಲಸ ಆಯ್ತಾ?”

“ಆಯ್ತು.”

“ಅಕ್ಕನ್ನ ನೋಡಿದ್ರಾ? ಹೇಗಿದ್ದಾಳೆ?”

“ಹಾಗೇ ಇದ್ದಾಳೆ” ಎಂದ.

ಎಷ್ಟು ಬೇಗ ಬಂತು ಆ ಮಾತು! ಯೋಚಿಸಲಿಲ್ಲ, ತಡವರಿಸಲಿಲ್ಲ, ಎಲ್ಲಿಗೂ ಹೋಗಿ ಯಾರನ್ನೂ ಕೇಳಿಕೊಂಡು ಬರಲಿಲ್ಲ. ಕೇಳಿದರು, ಕೊಟ್ಟ. ಕಾವಲುಗಾರ ಬಿಲ್ಲೆಗಾಗಿ ಕೈ ಚಾಚಿದ್ದ. ಆ ಚಾಚಿದ ಕೈಯನ್ನೇ ನೋಡುತ್ತ ಅವನು ನಿಂತುಬಿಟ್ಟ. ಒಳಗಿನ ಆ ಪರದೆಯ ಹಸಿರು ಅವನ ಕಣ್ಣಿಗೆ ಕಟ್ಟಿತು. ಬೆಳಗಾದರೆ ಶುರುವಾಗುವವಳು ಒಂದೇ ಏಟಿಗೆ ಹೇಗೆ ತೆಪ್ಪಗಾದಳು? ಬಾಲ ಕತ್ತರಿಸಿದ್ದು ಫೋಟೋದ್ದಷ್ಟೇ ಅಲ್ಲ. ‘ಕರೆ ಇದೆಯಾ?’ ಎಂಬ ಪ್ರಶ್ನೆಯೂ ಹಾದುಹೋಗುವುದು ಅದೇ ಜಾಗದಿಂದ. ಆ ಮುದಿ ಬ್ರೌಸರು ಮೊದಲ ಸಲ ಕೇಳಿ ‘ಇಲ್ಲ’ ಎಂಬ ಉತ್ತರ ತಂದಿದೆ, ಆಮೇಲೆ ಕೇಳಲು ಹೋಗಿಯೇ ಇಲ್ಲ. ಇಲ್ಲ, ಇಲ್ಲ, ಇಲ್ಲ ಎಂದು ಕೂತಲ್ಲೇ ಹೇಳುತ್ತಿದೆ. ಇಡೀ ಮಹಡಿ ಗುಂಡಿ ಒತ್ತಿಕೊಂಡು ಸತ್ತರೂ ಅದು ಇಲ್ಲ ಎಂದೇ ಹೇಳುತ್ತದೆ, ಅದೂ ಎಷ್ಟು ಚುರುಕಾಗಿ! ಅವನು ಮಾಡಿದ ರಿಪೇರಿ ಇದು. ಇದಕ್ಕೆ ಚಪ್ಪಾಳೆ, ಇದಕ್ಕೆ ಚಹಾ. “ಏನಾಯ್ತು? ಇದೀರಾ?” ಎಂದು ಹೆಂಡತಿ ಕೇಳುತ್ತಿದ್ದಳು. “ನೋಡ್ಲಿಲ್ಲ ಕಣೇ, ಸುಳ್ಳು ಹೇಳ್ದೆ” ಎಂದವನೇ ಫೋನು ಜೇಬಿಗೆ ತುರುಕಿ ಒಳಕ್ಕೆ ಓಡಿದ.

ಪಡಸಾಲೆಯಲ್ಲಿ ಆಗಲೇ ಗದ್ದಲ. ಮೂರನೆಯ ಕೋಣೆಯ ತಾತ, ಬಚ್ಚಲಿಗೆ ಹೋಗಬೇಕೆಂದು ಒತ್ತಿ ಒತ್ತಿ ಸಾಕಾಗಿ, ಹಾಸಿಗೆಯಲ್ಲೇ ಮಾಡಿಕೊಂಡಿದ್ದರು. ಆಯಾ ಅವರ ಮೈ ಒರೆಸುತ್ತಿದ್ದಳು. ಬಾಗಿಲು ತೆರೆದೇ ಇತ್ತು. ತಾತ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, “ನಾನು ಒತ್ತಿದ್ದೆ ಕಣಮ್ಮ, ನಿಜವಾಗ್ಲೂ ಒತ್ತಿದ್ದೆ” ಎಂದು ಮತ್ತೆ ಮತ್ತೆ ಹೇಳುತ್ತಿದ್ದರು, ಯಾರೋ ನಂಬುತ್ತಿಲ್ಲವೆಂಬಂತೆ. “ಅವ್ರು ಒತ್ತಿದಾರೆ ಮೇಡಂ, ತಪ್ಪು ನಂದು” ಎಂದ ಅವನು ಮೇಟ್ರನ್ನರ ಮುಂದೆ ನಿಂತು ಏದುಸಿರು ಬಿಡುತ್ತ. “ನಾನೇ ಬೆಲ್ಲಿನ ಬಾಯಿ ಕಟ್ಟಿಹಾಕಿದ್ದೆ. ಗೊತ್ತಾಗ್ಲಿಲ್ಲ.” ಮೇಟ್ರನ್ ಬಾಯಿಗೆ ಬಂದದ್ದನ್ನೆಲ್ಲ ಬೈದರು. ವಯಸ್ಸಾದವರ ಮಾನದ ಬಗ್ಗೆ ಬೈದರು, ಅವನ ಕಂಪನಿಗೂ ಸೇರಿಸಿ ಬೈದರು. ಬೈಗಳನ್ನು ಹೊಟ್ಟೆಗೆ ಹಾಕಿಕೊಂಡು ಕೂತು ಅವನು ಕೆಲಸ ಮಾಡಿದ. ಈ ಸಲ ಅವಸರ ಮಾಡಲಿಲ್ಲ. ಫೋಟೋ ಮತ್ತು ಹಳೆಯ ಪಟ್ಟಿ ನೆನಪಿನಿಂದ ಬರಲಿ, ‘ಕರೆ ಇದೆಯಾ?’ ಎಂಬುದನ್ನು ಮಾತ್ರ ಪ್ರತಿ ಸಲವೂ ಹೋಗಿಯೇ ಕೇಳಬೇಕು, ಎಲ್ಲ ಕೋಣೆಗಳದ್ದನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಿ ಕೇಳಬೇಕು. ಬರೆದು, ಒಂದೊಂದು ಕೋಣೆಗೂ ಆಯಾಳನ್ನು ಕಳಿಸಿ ಗುಂಡಿ ಒತ್ತಿಸಿ ನೋಡಿದ. ಹದಿನೇಳನೆಯ ಕೋಣೆಗೆ ಕಳಿಸಬೇಕಾಗಲಿಲ್ಲ. ಪುಟ ತೆರೆದ ಗಳಿಗೆಯೇ ಅದರ ದೀಪ ಹತ್ತಿ ಟಿಂಗ್ ಎಂದಿತು.

“ಹದಿನೇಳು” ಎಂದರು ಮೇಟ್ರನ್, ಬೈದು ಸುಸ್ತಾದ ದನಿಯಲ್ಲಿ.

“ನಾನು ನೋಡ್ತೀನಿ” ಎಂದು ಎದ್ದ.

ಬಾಗಿಲು ತಳ್ಳಿದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಕ್ಕ ಇದ್ದಳು. ಎಷ್ಟು ಚಿಕ್ಕವಳಾಗಿಬಿಟ್ಟಿದ್ದಳು! ಎಡಗೈಯ ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಿ ಒತ್ತಿ ಅದರ ತುದಿ ಬೆಳ್ಳಗಾಗಿತ್ತು. ಬಾಗಿಲು ತೆರೆದ ಸದ್ದಿಗೆ ಅವಳ ಮುಖ ಎದ್ದಿತು. ಎದ್ದು, ಅರಳಿತು. ಜೋಲಿದ ಬಾಯಿ ಕೂಡ ಅದರ ಕೈಲಾದಷ್ಟು ಅರಳಿತು, ಕಣ್ಣು ಹೊಳೆಯಿತು, ಕುತ್ತಿಗೆ ಮುಂದಕ್ಕೆ ಚಾಚಿತು. ಅವಳಿಗೆ ಗುರುತು ಸಿಕ್ಕಿದೆ! “ಅಕ್ಕಾ” ಎನ್ನುತ್ತ ಹತ್ತಿರ ಹೋಗಿ ಮಂಡಿಯೂರಿ ಕೂತ. ಅವಳು ಅವನ ನೆರೆತ ತಲೆಯನ್ನು ನೋಡಿದಳು, ಕನ್ನಡಕ ನೋಡಿದಳು, ಹಳದಿ ಬಿಲ್ಲೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಸಪ್ಪಗಾಯಿತು. ಅವನ ಹೆಗಲನ್ನು ದಾಟಿ ಅವಳ ಕಣ್ಣು ಮತ್ತೆ ಬಾಗಿಲಿಗೆ ಹೋಯಿತು. ಹೆಬ್ಬೆರಳು ಗುಂಡಿಯನ್ನು ಒತ್ತಿತು. “ನಾನೇ ಕಣೇ, ನಿನ್ನ ಮೊದ್ದು. ಬಂದಿದೀನಿ ನೋಡೇ.” ಅವಳು ಬಾಗಿಲನ್ನೇ ನೋಡುತ್ತ ಇನ್ನೊಂದು ಸಲ ಒತ್ತಿದಳು.

ಆಯಾ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಬಾಗಿಲಲ್ಲಿ ಕಂಡಾಗಲೂ ಅಕ್ಕನ ಮುಖ ಹಾಗೇ ಅರಳಿತು, ಅವಳು ಒಳಗೆ ಬರುತ್ತಿದ್ದಂತೆ ಹಾಗೇ ಆರಿತು. “ಏಯ್, ಕೆಲಸದವ್ರು ಕೋಣೆ ಒಳಗೆ ಬರೋ ಹಾಗಿಲ್ಲ” ಎಂದಳು ಆಯಾ ಬಿಲ್ಲೆ ನೋಡಿ. “ನಾನು ಇವಳ ತಮ್ಮ” ಎಂದ. ಹೇಳುವಾಗ ಅಳುತ್ತಿದ್ದ, ಅದನ್ನು ಮುಚ್ಚಿಡಲು ಹೋಗಲಿಲ್ಲ. ಆಯಾ ಅಕ್ಕನ ಕಿವಿಯ ಹತ್ತಿರ ಬಗ್ಗಿ, “ಅಜ್ಜಿ, ನಿಮ್ಮ ತಮ್ಮ ಬಂದಿದಾರಂತೆ, ನೋಡಿ” ಎಂದು ಗಟ್ಟಿಯಾಗಿ ಹೇಳಿದಳು. ಅಕ್ಕ ಅವನ ಕಡೆ ತಿರುಗಿ, ಸಾವಕಾಶವಾಗಿ ನೋಡಿ, ಇಲ್ಲವೆಂದು ತಲೆಯಾಡಿಸಿದಳು. ಅವಳು ಕಾಯುತ್ತಿರುವ ತಮ್ಮ ಇಷ್ಟು ಮುದುಕನಲ್ಲ. “ಬೇಜಾರ್ ಮಾಡ್ಕೋಬೇಡಿ ಸಾರ್” ಎಂದಳು ಆಯಾ. “ದಿನಾ ಹೀಗೇ. ಬಾಗಿಲು ತೆಗೆದ ಕೂಡ್ಲೇ ನೋಡ್ಬೇಕು ಅವ್ರ ಮುಖಾನ. ಅದೊಂದು ಗಳಿಗೆಗೆ ನಾನೂ ಬರ್ತಿರ್ತೀನಿ. ಹತ್ತಿರ ಹೋದ್ರೆ ಮುಗೀತು.”

ಅವನು ಅಕ್ಕನ ಕೈ ಹಿಡಿಯಲು ಹೋದ. ಅವಳು ಕೊಸರಿ, ಅವನ ಬೆರಳುಗಳ ನಡುವಿನಿಂದ ತನ್ನ ಕೈಯನ್ನು ಬಿಡಿಸಿಕೊಂಡಳು. ಆ ಕೈಗೆ ಕೆಲಸವಿತ್ತು. ಅವನು ಎದ್ದು ನಿಂತ. ಹೇಳಬೇಕಾದ ಕಾಲದಲ್ಲಿ ಬಸ್ಸಿನ ನೆಪ ಹೇಳಿ ಹೋದವನು. ಆಯಾಳ ಹಿಂದೆಯೇ ಹೊರಗೆ ಬಂದು ಬಾಗಿಲು ಎಳೆದುಕೊಂಡು, ಗೋಡೆಗೆ ಒರಗಿದ. ಎದುರಿನ ಕೋಣೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಮೂರನೆಯ ಕೋಣೆಯ ತಾತನಿಗೆ ಹೊಸ ಹೊದಿಕೆ ಬಂದಿತ್ತು. ಈಗ ಹೊರಟರೆ ಬಸ್ಸು ಸಿಗುತ್ತದೆ ಎಂಬ ಯೋಚನೆ ಬಂತು, ಅಷ್ಟು ಅಭ್ಯಾಸವಾಗಿತ್ತು ಅದಕ್ಕೆ. ಅವನು ಅಂಗಿಯಿಂದ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಮೇಜಿನ ಕಡೆಯಿಂದ ಟಿಂಗ್ ಎಂಬ ಸದ್ದು ಕೇಳಿಸಿತು. ತಡವಿಲ್ಲದೆ, ಒತ್ತಿದ ಗಳಿಗೆಗೇ.

“ಹದಿನೇಳು!” ಎಂದು ಮೇಟ್ರನ್ ಕೂಗಿದರು. ಆಯಾ ಹೊರಟಳು. ಅವನು ಅವಳಿಗೆ ಅಡ್ಡ ಕೈ ಚಾಚಿ ನಿಲ್ಲಿಸಿದ. ಕಣ್ಣು ಒರೆಸಿಕೊಂಡ, ಒದ್ದೆ ಕೈಯನ್ನು ಅಂಗಿಗೆ ಒರೆಸಿದ, ಬಾಗಿಲು ತೆರೆದ.

“ಕರೆದ್ಯಾ ಅಕ್ಕ?”

ಅವಳ ಮುಖ ಅರಳಿತು. ಅವನು ಈ ಸಲ ಹತ್ತಿರ ಹೋಗಲಿಲ್ಲ. ಹೊಸ್ತಿಲಿನಲ್ಲೇ, ಮುಖದ ಗುರುತು ಹತ್ತದಷ್ಟು ದೂರದಲ್ಲೇ ನಿಂತು, ಅದು ಆರುವ ಮೊದಲು ಬಾಗಿಲು ಮುಚ್ಚಿಕೊಂಡ. ಹೊರಗೆ ನಿಂತು ಕಾದ. ಮತ್ತೆ ಟಿಂಗ್ ಎಂದಿತು.

“ಬಂದೆ, ಬಂದೆ” ಎಂದ.